ಕಿಟಕಿ ಮುಚ್ಚಿದ ಆಷಾಢ

ಇಳಕಲ್ಲಿನಲ್ಲಿ ಬಸ್ಸಿಳಿದಾಗ ಮೊದಲು ಮೂಗಿಗೆ ಬಂದದ್ದು ಹಸಿ ಕಲ್ಲಿನ ವಾಸನೆ. ಕಲ್ಲಿಗೆಂಥ ವಾಸನೆ ಎಂದು ಕೇಳುವವರು ಕಲ್ಲು ಕೊಯ್ಯುವ ಗರಗಸದ ಹತ್ತಿರ ಒಮ್ಮೆ ನಿಲ್ಲಬೇಕು. ಬಿಸಿಯಾದ ಕೆಂಪು ಕಲ್ಲಿನ ಮೇಲೆ ನೀರು ಬಿಡುತ್ತಾರೆ. ಆಗ ಮೊದಲ ಮಳೆಯಂಥದೇ ಒಂದು ವಾಸನೆ ಏಳುತ್ತದೆ, ಆದರೆ ಒಳಗೆ ಸುಟ್ಟ ಕಬ್ಬಿಣದ ಕಮಟು ಸೇರಿರುತ್ತದೆ. ತಂಗಿಯ ಮಗಳ ಮದುವೆಗೆ ಸೀರೆ ಆರಿಸಲು ಬಾಗಲಕೋಟೆಯಿಂದ ಬಂದಿದ್ದೆ. ಸೆರಗಿನಿಂದ ಮೂಗು ಮುಚ್ಚಿಕೊಂಡೆ, ಮತ್ತೆ ತೆಗೆದೆ. ಸೀರೆ ಅಂಗಡಿಗೆ ಹೋಗಬೇಕಾದ ಕಾಲುಗಳು, ಹಿಂದೊಮ್ಮೆ ಇಲ್ಲಿ ನನ್ನ ಜೊತೆ ಕೊಳಲು ಕಲಿತ ಕಸ್ತೂರಿಯ ಮನೆಯ ಕಡೆ ತಿರುಗಿದವು.

ಇಳಕಲ್ಲಿನಲ್ಲಿ ನಾವಿದ್ದದ್ದು ಒಂದೇ ವರ್ಷ. ನಮ್ಮ ಮನೆಯವರಿಗೆ ಅಲ್ಲಿಗೆ ವರ್ಗವಾಗಿತ್ತು, ಮಗ ಹುಬ್ಬಳ್ಳಿಯಲ್ಲಿ ಹಾಸ್ಟೆಲ್ ಸೇರಿದ್ದ. ಮನೆಯಲ್ಲಿ ನಾನು, ಅತ್ತೆ, ಉದ್ದುದ್ದನೆಯ ಮಧ್ಯಾಹ್ನಗಳು. ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರೊಬ್ಬರು ನಮಗೆಲ್ಲ ಪ್ಲಾಸ್ಟಿಕ್ಕಿನ ಪೀಪಿ ಕೊಟ್ಟು ಊದುವುದನ್ನು ಕಲಿಸಿದ್ದರು. ಅದರ ಬಾಯಿಗೆ ತುಟಿ ಇಟ್ಟು ಗಾಳಿ ಬಿಟ್ಟರೆ ಸಾಕು, ಸ್ವರ ತಾನಾಗಿ ಬರುತ್ತಿತ್ತು. ಅದೇ ಧೈರ್ಯದ ಮೇಲೆ ಕೊಳಲು ಕಲಿಯುವೆನೆಂದು ಹೊರಟೆ. ಹಾಲು ಕೊಡುವವನು ಹನಮಪ್ಪ ಮಾಸ್ತರರೆಂಬವರ ಮನೆ ತೋರಿಸಿದ.

ಮಾಸ್ತರರು ಸನಾದಿ ಊದುವ ಮನೆತನದವರು. ಮದುವೆಯ ತಿಂಗಳುಗಳಲ್ಲಿ ಸನಾದಿ, ಮದುವೆಯಿಲ್ಲದ ತಿಂಗಳುಗಳಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಕೆಲಸ. ಹೀಗೆಯೇ ವಯಸ್ಸು ಕಳೆದಿತ್ತು. ಕಲ್ಲಿನ ಧೂಳು ಎದೆಯಲ್ಲಿ ಕೂತಿದೆ, ಇನ್ನು ಸನಾದಿ ಊದಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಎರಡೂ ನಿಂತಿದ್ದವು. ಸನಾದಿ ಹಳೆಯ ಖಣದ ಚೀಲದಲ್ಲಿ ಗೋಡೆಗೆ ತೂಗುತ್ತಿತ್ತು. ಅವರು ಮಾತನ್ನು ತುಂಡು ತುಂಡು ಮಾಡಿ ಆಡುತ್ತಿದ್ದರು, ಒಂದು ತುಂಡಿಗೆ ಒಂದು ಉಸಿರು. ಅಂಗಿಯ ಮೇಲಿನ ಗುಂಡಿ ಬಿಚ್ಚಿಯೇ ಇರುತ್ತಿತ್ತು. ಕೊರಳ ಬುಡದಲ್ಲಿ ಒಂದೊಂದು ಸಲ ಉಸಿರೆಳೆದಾಗಲೂ ಒಂದು ಕುಣಿ ಬೀಳುತ್ತಿತ್ತು.

“ಈ ವಯಸ್ಸಿನ್ಯಾಗ ಕೊಳಲು ಯಾಕ ಅಕ್ಕಾರ?” ಎಂದು ಕೇಳಿದರು.

“ಊದಾಕ ಬಂದ್ರ ಸಾಕ್ರಿ ಮಾಸ್ತರ.”

“ಊದಾಕ ಎಲ್ಲಾರಿಗೂ ಬರ್ತೈತಿ. ತಡಿಯಾಕ ಬರೂದಿಲ್ಲ ನೋಡ್ರಿ.”

ಅವರ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಇದ್ದವಳು ಮಗಳು ಕಸ್ತೂರಿ ಒಬ್ಬಳೇ. ಪದವಿ ಮುಗಿಸಿ, ನೇಕಾರರಿಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದಳು. ತಂದೆಯ ಕೊಳಲುಗಳಿಗೆ ಸೀಳು ಬಿಡದಂತೆ ಅದೇ ದಾಳಿಂಬೆ ಬಣ್ಣದ ನೂಲನ್ನು ಒತ್ತೊತ್ತಾಗಿ ಸುತ್ತಿಟ್ಟವಳೂ ಅವಳೇ. ನನಗೆ ಮೊದಲ ಸ್ವರ ಹೊರಡಲು ಎಷ್ಟೋ ವಾರ ಬೇಕಾದವು. ಬರೀ ಗಾಳಿ, ತಲೆಸುತ್ತು. ಕಸ್ತೂರಿ ಮೂಲೆಯಲ್ಲಿ ಕುಳಿತು ನಗು ತಡೆದುಕೊಳ್ಳುತ್ತಿದ್ದಳು. ಮನೆಯಲ್ಲಿ ಅತ್ತೆ ನಗು ತಡೆಯುವ ಗೋಜಿಗೇ ಹೋಗುತ್ತಿರಲಿಲ್ಲ. “ಉಳಿದ ಮನಿ ಸೊಸೇರು ಗಂಡನ ಕಿವಿ ಊದ್ತಾರ, ನಮ್ಮಾಕಿ ಬೊಂಬು ಊದ್ತಾಳ,” ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. “ನಾ ಜಲಮ ಎಲ್ಲಾ ಒಲಿ ಮುಂದ ಊದಗೊಳವಿ ಊದೇನಿ ಶೈಲಾ, ನನಗ್ಯಾರೂ ಮಾಸ್ತರನ್ನ ಇಡಲಿಲ್ಲ.”

ಮಾಸ್ತರರು ನನ್ನನ್ನು ಸೇರಿಸಿಕೊಂಡದ್ದು ನನಗಾಗಿ ಅಲ್ಲ ಎಂಬುದು ನಿಧಾನವಾಗಿ ತಿಳಿಯಿತು. ಅವರ ಮನಸ್ಸೆಲ್ಲ ಕಸ್ತೂರಿಗೆ ಒಂದು ಚೀಜು, ಸನಾದಿಯ ಒಂದು ಹಳೆಯ ರಚನೆ, ದಾಟಿಸುವುದರಲ್ಲಿತ್ತು. ಇನ್ನೊಬ್ಬರು ಕೂತಿದ್ದರೆ ಅವಳು ಅಭ್ಯಾಸ ತಪ್ಪಿಸುವುದಿಲ್ಲ ಎಂದು ನನ್ನನ್ನು ಕೂರಿಸಿಕೊಂಡಿದ್ದರು. ನಮ್ಮ ಕಡೆ ಮದುವೆಯಲ್ಲಿ ಸುರಗಿ ಎಂಬ ಶಾಸ್ತ್ರ ಉಂಟು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಸುತ್ತಲೂ ನೂಲು ಎಳೆದು, ನಡುವೆ ಮದುಮಕ್ಕಳನ್ನು ಕೂರಿಸಿ ನೀರು ಹಾಕುತ್ತಾರೆ. ಆ ನೀರು ಬೀಳುವಷ್ಟು ಹೊತ್ತು ಊದಲಿಕ್ಕೆಂದೇ ಅವರ ಮನೆತನದಲ್ಲಿ ಮೂರು ಭಾಗದ ಒಂದು ಚೀಜು ಅಪ್ಪನಿಂದ ಮಗನಿಗೆ ಬಂದಿತ್ತು. ಬೇರೆ ಯಾರಿಗೂ ಬಾರದು. ಈಗ ಮಂಗಲ ಕಾರ್ಯಾಲಯಗಳಲ್ಲಿ ಸುರಗಿಯ ಹೊತ್ತಿಗೆ ಸ್ಪೀಕರಿನಲ್ಲಿ ಸಿನಿಮಾ ಹಾಡು ಹಚ್ಚುತ್ತಾರೆ. ಇದ್ದ ಒಬ್ಬ ಮಗಳಿಗೆ ಸನಾದಿ ಕೊಡಲು ಅವರ ಬಳಗ ಒಪ್ಪಲಿಲ್ಲ, ಹೆಣ್ಣು ಮಗಳು ಗಲ್ಲ ಉಬ್ಬಿಸಿ ಜನರ ಮುಂದೆ ಊದುವುದೇ ಎಂದರು. ಕೊಳಲಿಗೆ ಯಾರ ತಕರಾರೂ ಇರಲಿಲ್ಲ. ಹಾಗಾಗಿ ಚೀಜನ್ನು ಸನಾದಿಯಿಂದ ಕೊಳಲಿಗೆ ಇಳಿಸಬೇಕೆಂದು ಅವರು ಹಟ ಹಿಡಿದಿದ್ದರು.

ಅದು ಸುಲಭದ ಮಾತಲ್ಲ. ಸನಾದಿಯವರು ಗಲ್ಲದಲ್ಲಿ ಗಾಳಿ ತುಂಬಿಟ್ಟುಕೊಂಡು, ಅದನ್ನು ಬಿಡುತ್ತಲೇ ಮೂಗಿನಿಂದ ಉಸಿರೆಳೆಯುತ್ತಾರೆ. ಚೀಜು ಮೊದಲಿಂದ ಕೊನೆಯವರೆಗೆ ಎಲ್ಲಿಯೂ ಕಡಿಯದು. ಉದ್ದ ಕೊಳಲಿನಲ್ಲಿ ಆ ಆಟ ನಡೆಯುವುದಿಲ್ಲ, ನಡುನಡುವೆ ಉಸಿರು ತೆಗೆದುಕೊಳ್ಳಲೇಬೇಕು.

“ನಮ್ಮಪ್ಪ ಎಲ್ಲೂ ಉಸಿರು ಮುರೀಲಿಲ್ಲ, ಅವರಪ್ಪನೂ ಮುರೀಲಿಲ್ಲ. ಇನ್ನ ಮುರಿಯೂ ಜಾಗ ನಾನ ಹುಡುಕಬೇಕು. ತಪ್ಪು ಜಾಗದಾಗ ಮುರಿದ್ರ ಮದುಮಗಳ ತಲಿ ಮ್ಯಾಲಿನ ನೀರು ನಡುವ ನಿಂತಂಗ ಕೇಳತೈತಿ,” ಎನ್ನುತ್ತಿದ್ದರು.

ಅವರು ಒಂದು ಸಾಲು ಊದುವುದು, ಕೆಮ್ಮುವುದು, ನೀರು ಕುಡಿಯುವುದು, ಇಲ್ಲಿ ಬೇಡ ಇನ್ನೂ ಮುಂದೆ ಎನ್ನುವುದು. ಕಸ್ತೂರಿ ಅದನ್ನೇ ತಿರುಗಿ ಊದುವುದು. ಅವಳ ದಮ್ಮು ದೊಡ್ಡದು. ಅವಳು ಊದುವಾಗ ಮಾಸ್ತರರ ಬಾಯಿಯೂ ಅವರಿಗೆ ಗೊತ್ತಿಲ್ಲದೆ ಕೊಳಲಿನ ಮುಂದೆ ಇಟ್ಟಂತೆ ಮಡಚಿಕೊಳ್ಳುತ್ತಿತ್ತು.

ಆಷಾಢ ಬಂತು. ಇಳಕಲ್ಲಿನ ಆಷಾಢದಲ್ಲಿ ಮಳೆಗಿಂತ ಗಾಳಿ ಹೆಚ್ಚು. ಕಾರ್ಖಾನೆಗಳ ಕಡೆಯಿಂದ ಬೂದಿಯಂಥ ಧೂಳನ್ನು ಹೊತ್ತು ತಂದು ಹಸಿ ಬಟ್ಟೆಗೆ, ಹಾಲಿನ ಕೆನೆಗೆ, ಕಣ್ಣೆವೆಗೆ ಕೂರಿಸುತ್ತದೆ. ಕೊಳಲಿಗೆ ಗಾಳಿಯೇ ಆಗದು. ತುಟಿ ಮತ್ತು ತೂತಿನ ನಡುವೆ ಒಂದು ಸಣ್ಣ ಸುಳಿ ನುಗ್ಗಿದರೂ ಸ್ವರ ಹರಿದುಹೋಗುತ್ತದೆ. ಅದಕ್ಕೇ ಕೊಳಲಿನವರು ಫ್ಯಾನನ್ನೂ ಹಾಕುವುದಿಲ್ಲ. ಮಾಸ್ತರರ ಮನೆಯ ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದನ್ನು ಮುಚ್ಚಿ, ಸಂದಿಗೆ ಹಳೆಯ ಸೀರೆಯ ಚೂರು ತುರುಕಿ, ಬಾಗಿಲಿಗೆ ಚಿಲಕ ಹಾಕಿ ಕೂಡುತ್ತಿದ್ದೆವು. ಆ ನಿಶ್ಶಬ್ದದಲ್ಲಿ ಕಸ್ತೂರಿಯ ಷಡ್ಜ ಎಣ್ಣೆಯ ಹಾಗೆ ಹರಡುತ್ತಿತ್ತು. ನಾನೂ ಆಗಷ್ಟೇ ಆರೂ ತೂತು ಮುಚ್ಚಿ ಮಂದ್ರದ ಪಂಚಮ ಹಿಡಿಯಲು ಕಲಿತಿದ್ದೆ. ಕೋಣೆ ಬೆಚ್ಚಗಾಗಿ, ಕುಸುಬೆ ಎಣ್ಣೆ ತಿಂದ ಬಿದಿರಿನ ವಾಸನೆ ತುಂಬುತ್ತಿತ್ತು. ಮಾಸ್ತರರು ಕೆಮ್ಮುತ್ತಿದ್ದರು.

ಆ ಕೆಮ್ಮಿನ ಬಗ್ಗೆ ನಾನು ಒಮ್ಮೆ ಕೇಳಿಯೇಬಿಟ್ಟಿದ್ದೆ. “ಇದು ಕಲ್ಲಿನ ಕೆಮ್ಮ ಅಕ್ಕಾರ, ಯಾರಿಗೂ ಅಂಟೂದಿಲ್ಲ,” ಎಂದಿದ್ದರು. ಓಣಿಯಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು. ಕಲ್ಲಿನ ಕೆಲಸಕ್ಕೆ ಹೋದ ಮನೆಗಳಲ್ಲೆಲ್ಲ ಒಬ್ಬೊಬ್ಬರು ಕೆಮ್ಮುವವರು ಇದ್ದೇ ಇದ್ದರು. ಕಾನ್ವೆಂಟಿನಲ್ಲಿ ಕಲಿತ ನಾನು ನನ್ನ ಕೊಳಲಿನ ಬಾಯನ್ನು ಮಾತ್ರ ದಿನವೂ ಬಿಸಿನೀರಿನ ಬಟ್ಟೆಯಿಂದ ಒರೆಸುತ್ತಿದ್ದೆ. ಒಬ್ಬರ ಕೊಳಲು ಒಬ್ಬರು ಮುಟ್ಟಬಾರದೆಂದು ಅವರಿಬ್ಬರಿಗೂ ಹೇಳಿ ಒಪ್ಪಿಸಿದ್ದೆ.

ಮೊದಲೆರಡು ಭಾಗ ಕಸ್ತೂರಿಯ ಕೈಗೆ ಬಂದಿದ್ದವು. ಶ್ರಾವಣದ ಮೊದಲ ವಾರಗಳಲ್ಲಿ ಅವಳ ಸ್ವರ ಸಾಲಿನ ಕೊನೆಗೆ ನಡುಗಲು ಹಿಡಿಯಿತು. ಸಂಜೆಗೆ ಸಣ್ಣ ಜ್ವರ. ರವಿಕೆಯ ತೋಳು ಸಡಿಲಾಗಿ, ಸೇಫ್ಟಿ ಪಿನ್ ಹಾಕಿಕೊಂಡಿದ್ದಳು. “ಉಪವಾಸ ಜಾಸ್ತಿ ಮಾಡ್ತಾಳ್ರಿ,” ಎಂದರು ಮಾಸ್ತರರು. ಒಂದು ಮಧ್ಯಾಹ್ನ ಅವಳು ಕೊಳಲು ಕೆಳಗಿಟ್ಟು ಸೆರಗಿಗೆ ಕೆಮ್ಮಿದಳು, ಸೆರಗನ್ನು ನೋಡಿದಳು, ಅದನ್ನು ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಅಲ್ಲಿನ ಕೆಂಪನ್ನು ತಂದೆಗಿಂತ ಮೊದಲು ನಾನು ನೋಡಿದೆ.

ಮರುದಿನ ಮೂವರೂ ಹುನಗುಂದದ ದವಾಖಾನೆಗೆ ಹೋದೆವು. ಕಫದ ಪರೀಕ್ಷೆ, ಎಕ್ಸ್‌ರೇ ಎಲ್ಲ ಆಗಿ ಮತ್ತೊಂದು ಸಲ ಕರೆದರು. ಇಬ್ಬರಿಗೂ ಟಿ.ಬಿ. ಇತ್ತು. ಮಾಸ್ತರರಿಗೆ ಬಹಳ ದಿನಗಳಿಂದಲೇ ಇದ್ದಿರಬೇಕು, ಕಲ್ಲಿನ ಧೂಳು ಕೂತ ಎದೆಯಲ್ಲಿ ಅದು ಬೇಗ ಮನೆ ಮಾಡುತ್ತದೆ ಎಂದರು. ನನ್ನ ಎದೆ ಸ್ವಚ್ಛವಿತ್ತು. ನಾನು ವಾರಕ್ಕೆ ಎರಡೋ ಮೂರೋ ಮಧ್ಯಾಹ್ನ ಹೋಗುತ್ತಿದ್ದವಳು, ಕಸ್ತೂರಿ ಇಡೀ ದಿನ ಅಲ್ಲೇ ಇರುವವಳು.

ಡಾಕ್ಟರು ಮೈಸೂರು ಕಡೆಯ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಕೊಳಲು ಒರೆಸುತ್ತಿದ್ದ ಕತೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

“ಎಂಜಲಿಂದ ಅಲ್ಲಮ್ಮ, ಗಾಳಿಯಿಂದ ಬರುತ್ತೆ. ನೀವು ಅಭ್ಯಾಸ ಮಾಡೋ ರೂಮಿಗೆ ಕಿಟಕಿ ಇದೆಯಾ?”

“ಐತ್ರಿ,” ಎಂದಳು ಕಸ್ತೂರಿ.

“ತೆಗೆದಿರುತ್ತಾ?”

ಕಸ್ತೂರಿ ತಂದೆಯ ಕಡೆ ನೋಡಿದಳು. ಆಮೇಲೆ ಮಾಸ್ತರರು, “ಕೊಳಲಿಗೆ ಗಾಳಿ ಬಡೀಬಾರದ್ರಿ ಬಾಯಾರ,” ಎಂದರು. ಅಷ್ಟು ಹೇಳುವಷ್ಟರಲ್ಲಿ ಅವರಿಗೇ ಅರ್ಥವಾಯಿತು. ಅವರ ಕೈ ಮೊಣಕಾಲಿನ ಮೇಲಿತ್ತು. ಬೆರಳುಗಳು ಒಂದೊಂದಾಗಿ ಮಡಚಿಕೊಂಡದ್ದನ್ನು ನಾನು ನೋಡಿದೆ.

ತಿರುಗಿ ಬರುವಾಗ ಅವರು ಬಸ್ಸಿನಲ್ಲಿ ನಮ್ಮ ಹತ್ತಿರ ಕೂಡಲಿಲ್ಲ. ಹಿಂದಿನ ಸೀಟಿಗೆ ಹೋಗಿ ಕಿಟಕಿಯ ಗಾಜು ಪೂರಾ ಸರಿಸಿದರು. “ಅಪ್ಪಾ, ಧೂಳ ಬರ್ತೈತಿ,” ಎಂದಳು ಕಸ್ತೂರಿ. ಕೇಳಿಸಿತೋ ಇಲ್ಲವೋ, ಊರು ಬರುವವರೆಗೂ ಮುಖವನ್ನು ಗಾಳಿಗೆ ಹಿಡಿದೇ ಕುಳಿತಿದ್ದರು.

ಅವತ್ತೇ ಅವರು ಮಲಗುವ ಹೊರಸು ಅಂಗಳಕ್ಕೆ ಬಂತು. ಮಳೆ ಬಂದರೆ ತಗಡಿನ ಚಪ್ಪರದ ಕೆಳಗೆ, ಇಲ್ಲದಿದ್ದರೆ ಬಯಲಿಗೆ. ಆ ಕೋಣೆಯೊಳಗೆ ಅವರು ಮತ್ತೆ ಕಾಲಿಡಲಿಲ್ಲ. ಊಟದ ತಾಟನ್ನು ತಾವೇ ತೊಳೆದುಕೊಳ್ಳುವರು. ಮಗಳ ಜೊತೆ ಮಾತು ಬಿಟ್ಟರು ಎನ್ನುವ ಹಾಗಿಲ್ಲ, ಆದರೆ ಅವಳ ಕಡೆ ಮುಖ ಮಾಡಿ ಆಡುತ್ತಿರಲಿಲ್ಲ. ಇಬ್ಬರಿಗೂ ಗುಳಿಗೆ ಶುರುವಾದವು. ಎದೆ ಮಾಯುವವರೆಗೆ ಕೊಳಲು ಮುಟ್ಟಬಾರದೆಂದು ಕಸ್ತೂರಿಗೆ ಕಟ್ಟುನಿಟ್ಟಾಗಿ ಹೇಳಿದ್ದರು. ಮಾಸ್ತರರಿಗೆ ಹೇಳುವ ಅಗತ್ಯವೇ ಇರಲಿಲ್ಲ. ಗುಳಿಗೆ ಒಂದು ರೋಗವನ್ನು ಹಿಮ್ಮೆಟ್ಟಿಸಬಹುದು, ಧೂಳನ್ನು ಹೊರಗೆ ತೆಗೆಯುವ ಔಷಧ ಇಲ್ಲ.

ನಾನು ಹೋಗುವುದನ್ನು ಬಿಟ್ಟಿದ್ದೆ. ಇನ್ನು ಅಲ್ಲಿ ಕಲಿಯುವುದೇನೂ ಇಲ್ಲ ಎಂದುಕೊಂಡಿದ್ದೆ. ಗಣಪತಿ ಹಬ್ಬ ಕಳೆದ ಮೇಲೆ ಒಂದು ದಿನ ಕಸ್ತೂರಿಯೇ ಬಂದಳು. ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಮೆಟ್ಟಿಲ ಕೆಳಗೇ ನಿಂತು ಕರೆದಳು.

“ಅಕ್ಕಾರ, ನೀವು ಊದಬೇಕು.”

“ಏನು?”

“ಮೂರನೇದು. ಅಪ್ಪಗ ದಮ್ಮಿಲ್ಲ. ನನಗ ಊದಬ್ಯಾಡ ಅಂದಾರ. ಅಂವಾ ಹೋಗೂದ್ರಾಗ ಅದು ಹೊರಗ ಬರಬೇಕು.”

ತಂದೆಯ ಸಾವಿನ ಮಾತನ್ನು ಅಷ್ಟು ನೇರವಾಗಿ ಆಡಿದ್ದು ಕೇಳಿ ನಾನು ಒಂದು ಮೆಟ್ಟಿಲು ಇಳಿದೆ. “ನನಗಿನ್ನೂ ಸರಿಗಮಾನೂ ಸರಿ ಬರೂದಿಲ್ಲಲ್ಲ ಕಸ್ತೂರಿ,” ಎಂದೆ.

“ಬರದಿದ್ರ ಏನಾತ್ರಿ. ನೀವು ಕಲೀಬ್ಯಾಡ್ರಿ. ಊದ್ರಿ ಅಷ್ಟ. ಕಲಿಯೂದು ನಾ ಕಲೀತೇನಿ.”

ಅತ್ತೆ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ಕ್ಷಯದ ಮನಿಗೆ ಹೋಗ್ತೀಯೇನ ಶೈಲಾ,” ಎಂದು ಗೊಣಗಿದರು. ಅಡುಗೆಮನೆಗೆ ಹೋಗಿ ಡಬ್ಬಿ ಸಪ್ಪಳ ಮಾಡಿದರು. ನಾನು ಹೊರಡುವ ಹೊತ್ತಿಗೆ ಶೇಂಗಾ ಉಂಡೆಯ ಡಬ್ಬಿ ಚಪ್ಪಲಿಯ ಪಕ್ಕ ಇತ್ತು. “ಆ ಹುಡುಗಿ ತೋಳು ನೋಡು, ಮುಟಿಗಿಯಾಗ ಹಿಡಿಬಹುದು. ತಿನ್ನಾಕ ಹೇಳು.”

ಹೀಗೆ ಶುರುವಾಯಿತು. ಅಂಗಳದಲ್ಲಿ ಗೋಡೆಯ ಮರೆಗೆ ಮಾಸ್ತರರ ಹೊರಸು. ಗಾಳಿ ಬಡಿಯದ ಮೂಲೆಯಲ್ಲಿ ಒಂದು ಪಾಲಿಶ್ ಕಲ್ಲಿನ ಹಾಸು, ಅದರ ಮೇಲೆ ನಾನು. ಹೊಸ್ತಿಲ ಒಳಗೆ ಕಸ್ತೂರಿ. ಮಾಸ್ತರರು ಸಾಲನ್ನು ಗುನುಗುವರು, ಎರಡು ಸ್ವರಕ್ಕೆ ಒಮ್ಮೆ ನಿಲ್ಲುವರು. ನಾನು ಊದುವೆ. ಅವರು ಕೈ ಎತ್ತಿದರೆ ತಪ್ಪು, ಬರೀ ಬೆರಳು ಎತ್ತಿದರೆ ಸಣ್ಣ ತಪ್ಪು. ಕಸ್ತೂರಿ ತನ್ನ ಕೊಳಲನ್ನು ಬಾಯಿಗೆ ಒಯ್ಯದೆ ಎದೆಗೆ ಅಡ್ಡ ಹಿಡಿದು, ನನ್ನ ಸ್ವರದ ಹಿಂದೆ ಬೆರಳು ಆಡಿಸುತ್ತಿದ್ದಳು. ನನ್ನ ಬೆರಳು ತಡವಾದಲ್ಲಿ ಅವಳದು ಮುಂದೆ ಹೋಗಿ ಕಾಯುತ್ತಿತ್ತು. ನಾನು ತಪ್ಪಿದ್ದನ್ನು ಅವಳು ಸರಿಯಾಗಿ ಕೇಳಿಸಿಕೊಳ್ಳುತ್ತಾಳೆ ಎಂದು ಮಾಸ್ತರರು ನಂಬಿದ್ದರು. ನಾನೂ ನಂಬಿದ್ದೆ.

ಒಂದು ದಿನ ಮೊಬೈಲ್ ತೆಗೆದು ಅವರ ಗುನುಗನ್ನು ರೆಕಾರ್ಡ್ ಮಾಡಿದೆ. ಹಚ್ಚಿ ಕೇಳಿದರೆ ಗೊರಗೊರ ಸಪ್ಪಳ, ನಡುವೆ ಎಲ್ಲೋ ಒಂದು ಸ್ವರ, ದೂರದಲ್ಲಿ ಗರಗಸ. ಅವರು ಕಿವಿಗೆ ಹಿಡಿದು ಪೂರ್ತಿ ಕೇಳಿದರು. “ಇಂವಾ ಯಾರ್ರಿ?” ಎಂದು ನಕ್ಕರು. ಆ ವರ್ಷ ಅವರು ನಕ್ಕದ್ದು ಅದೊಂದೇ ಸಲ ನನ್ನ ನೆನಪಿನಲ್ಲಿದೆ. “ಅಳಿಸಿಬಿಡ್ರಿ ಅಕ್ಕಾರ. ಇದನ್ನ ಕೇಳಿ ಇನ್ನೊಬ್ರು ಕಲಿಯೂದು ಬ್ಯಾಡ.” ಅಳಿಸಿದೆ.

ಮೂರನೆಯ ಭಾಗ ನೀರಿನ ಕೊನೆಯ ತಂಬಿಗೆ ಬೀಳುವಾಗಿನದು. ಮೇಲಿನಿಂದ ಇಳಿಯುತ್ತ ಇಳಿಯುತ್ತ ಮಂದ್ರಕ್ಕೆ ಬಂದು ನಿಲ್ಲಬೇಕು, ಮಂದ್ರಕ್ಕೆ ಗಾಳಿ ಜಾಸ್ತಿ ಬೇಕು. ನನ್ನ ಎದೆ ಕೊಳಲು ಕಲಿಯಲು ತಡವಾಗಿ ಬಂದ ಎದೆ. ಅರ್ಧಕ್ಕೆ ಬರುವಷ್ಟರಲ್ಲಿ ಕಿವಿ ಗುಂಯ್ ಎನ್ನುತ್ತಿತ್ತು. ಮಾಸ್ತರರು ಮೊದಮೊದಲು ಉಸಿರಿನ ಜಾಗ ತೋರಿಸುತ್ತಿದ್ದರು. ಹೊರಸಿನ ಚೌಕಟ್ಟಿಗೆ ಉಗುರಿನಿಂದ ಟಕ್ ಎನ್ನಿಸಿದರೆ ಅಲ್ಲಿ ತೆಗೆದುಕೊಳ್ಳಬೇಕು. ದಸರಾ ಕಳೆಯುವ ಹೊತ್ತಿಗೆ ಆ ಟಕ್ ಕೂಡ ಸಣ್ಣಗಾಯಿತು. ಕೆಲವು ಸಲ ಅದು ಸೂಚನೆಯೋ, ಕೈ ತಾನಾಗಿ ಬಿದ್ದದ್ದೋ ತಿಳಿಯುತ್ತಿರಲಿಲ್ಲ.

ದೀಪಾವಳಿಗೆ ಮುಂಚೆ ಒಂದು ಮುಂಜಾನೆ ನಾನು ಕೊನೆಯ ಸಾಲನ್ನು ಮತ್ತೆ ಮತ್ತೆ ಕೆಡಿಸಿದೆ. ಅವರು ಕೈ ಎತ್ತಲಿಲ್ಲ, ಬೆರಳೂ ಎತ್ತಲಿಲ್ಲ. ಹೊರಸಿನಿಂದ ಎದ್ದು ಕುಳಿತು, ಒಳಗಿದ್ದ ತಮ್ಮ ಕೊಳಲನ್ನು ತರಲು ಕಸ್ತೂರಿಗೆ ಸನ್ನೆ ಮಾಡಿದರು. ಅವಳು ಬೇಡವೆನ್ನಲಿಲ್ಲ. ತುಟಿಗಿಟ್ಟು, ಬೆರಳನ್ನು ತೂತುಗಳ ಮೇಲೆ ಒಂದೊಂದಾಗಿ ಇಳಿಸಿ, ಊದಿದರು. ಗಾಳಿ ಬಂತು. ಸ್ವರ ಬರಲಿಲ್ಲ. ಆದರೂ ಬೆರಳು ನಿಲ್ಲಿಸಲಿಲ್ಲ. ಪೂರಾ ಸಾಲನ್ನು ಸ್ವರವಿಲ್ಲದೆ ಬೆರಳಿನಲ್ಲಿ ಮುಗಿಸಿದರು. ನಾವಿಬ್ಬರೂ ಬೆರಳು ನೋಡಿದೆವು. ಎಲ್ಲಿ ಉಸಿರು ತೆಗೆದುಕೊಂಡರು ಎಂದು ನೋಡಲು ಆಗಲಿಲ್ಲ, ಅವರು ಒಂದೊಂದು ಸ್ವರಕ್ಕೂ ಉಸಿರು ತೆಗೆದುಕೊಳ್ಳುತ್ತಿದ್ದರು. ಕೊಳಲನ್ನು ತೊಡೆಯ ಮೇಲಿಟ್ಟು, “ಬೆರಳಾಗ ಐತಿ. ಎದಿಯಾಗಿಲ್ಲ,” ಎಂದರು.

ಹಬ್ಬದ ಮರುದಿನ ತೀರಿಕೊಂಡರು. ಹಗಲು ಹೊತ್ತು, ಹೊರಸಿನ ಮೇಲೆ, ಕಾರ್ಖಾನೆಗಳಿಗೆ ಸೂಟಿ ಇದ್ದದ್ದರಿಂದ ಸುತ್ತಲೂ ಮೌನವಿತ್ತು. ಬಾದಾಮಿ ಕಡೆಯಿಂದ ಅವರ ಬಳಗದವರು ಬಂದು ಸನಾದಿ ಊದಿದರು. ಚಲೋ ಊದಿದರು. ಸುರಗಿಯ ಚೀಜು ಮಾತ್ರ ಅವರಾರಿಗೂ ಬರುತ್ತಿರಲಿಲ್ಲ, ಅಂದು ಅದನ್ನು ಊದುವಂಥದೂ ಅಲ್ಲ. ಕಸ್ತೂರಿ ಮಾಸ್ಕ್ ಕಟ್ಟಿಕೊಂಡು ಹೆಂಗಸರ ನಡುವೆ ಕುಳಿತಿದ್ದಳು. ಅಳುವಾಗಲೂ ಅವಳ ಬಲಗೈ ಬೆರಳುಗಳು ಎಡಗೈ ಮುಂಗೈಯ ಮೇಲೆ ಆಡುತ್ತಲೇ ಇದ್ದವು.

ಬೇಸಿಗೆಯಲ್ಲಿ ನಮಗೆ ಬಾಗಲಕೋಟೆಗೆ ವರ್ಗವಾಯಿತು. ಗುಳಿಗೆ ಮುಗಿದು, ರೋಗ ಹೋಯಿತೆಂದು ಕಸ್ತೂರಿ ಫೋನ್ ಮಾಡಿದಳು. ಬಲಗಡೆ ಶ್ವಾಸಕೋಶದಲ್ಲಿ ಗಾಯದ ಕಲೆ ಉಳಿದಿದೆಯಂತೆ, ಮೊದಲಿನ ದಮ್ಮು ಬರಲಿಕ್ಕಿಲ್ಲವಂತೆ. ಅದನ್ನು ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದಳು. ಆಮೇಲೆ ವರ್ಷಕ್ಕೆ ಒಂದೆರಡು ಫೋನು. ನನ್ನ ಕೊಳಲು ಟ್ರಂಕಿಗೆ ಹೋಯಿತು.

ಈಗ ಅದೇ ಮನೆ. ಅಂಗಳಕ್ಕೆ ಫರಸಿ ಕಲ್ಲು ಹಾಸಿಸಿದ್ದಾಳೆ. ಆ ಕೋಣೆಗೆ ಎದುರು ಬದುರು ಇನ್ನೆರಡು ಕಿಟಕಿ ಒಡೆಸಿದ್ದಾಳೆ, ಅವಕ್ಕೆ ಬಾಗಿಲನ್ನೇ ಇಡಿಸಿಲ್ಲ. ಶಾಲೆಯೊಂದರಲ್ಲಿ ಸಂಗೀತ ಹೇಳಿಕೊಡುತ್ತಾಳೆ, ಸಂಜೆ ಮನೆಗೆ ಮೂವರು ಹುಡುಗಿಯರು ಕೊಳಲು ಕಲಿಯಲು ಬರುತ್ತಾರೆ. ವರ್ಷಕ್ಕೆ ನಾಲ್ಕಾರು ಮದುವೆಯವರು ಸುರಗಿಗೆ ಕರೆಯುತ್ತಾರೆ.

“ಗಾಳಿ ಬಂದ್ರ ಹೆಂಗ ಊದ್ತೀಯವ್ವಾ?” ಎಂದೆ.

“ಬಂದ್ರ ನಿಂದರ್ತೇವ್ರಿ. ಹೋದ ಮ್ಯಾಲೆ ಊದ್ತೇವಿ.”

ಚಹಾ ಕುಡಿದೆವು. ಸ್ವಲ್ಪ ಹೊತ್ತು ಅತ್ತೆಯ ಮೊಣಕಾಲಿನ ಮಾತು, ಮದುವೆಯ ಮಾತು ಆಯಿತು. ಕಪ್ಪು ಕೆಳಗಿಟ್ಟು ಅವಳು ಕೊಳಲು ತೆಗೆದುಕೊಂಡಳು. ಮೂರನೆಯ ಭಾಗವನ್ನು ಊದಿದಳು. ಇಳಿಯುತ್ತ ಬಂದು, ಮಂದ್ರಕ್ಕೆ ಮುಟ್ಟಲು ಇನ್ನೇನು ಎರಡು ಸ್ವರ ಇದೆ ಎನ್ನುವಾಗ ನಿಂತು, ಉಸಿರೆಳೆದು, ಮುಗಿಸಿದಳು.

“ಅಕ್ಕಾರ, ಒಂದು ಕೇಳಬೇಕಾಗಿತ್ತು. ಭಾಳ ದಿನದಿಂದ. ಇಲ್ಲೆ ಉಸಿರು ತಗೋತೀವಲ್ಲ, ಇದು ಅಪ್ಪ ತೋರಿಸಿದ ಜಾಗೇನ್ರಿ, ಇಲ್ಲಾ ನಿಮಗ ದಮ್ಮು ಸಾಲ್ದ ತಗೊಂಡದ್ದೋ?”

ನಾನು ಕಣ್ಣು ಮುಚ್ಚಿ ಆ ಅಂಗಳಕ್ಕೆ ಹೋಗಿ ಕುಳಿತೆ. ತೊಡೆಯ ಮೇಲೆ ಬೆರಳು ಇಟ್ಟು ಸಾಲನ್ನು ಮೊದಲಿಂದ ಇಳಿಸಿದೆ. ಕಿವಿಯ ಗುಂಯ್ ನೆನಪಾಯಿತು, ಹೊರಸಿನ ಹಗ್ಗ ನೆನಪಾಯಿತು. ಚೌಕಟ್ಟಿಗೆ ಉಗುರು ತಾಗಿತ್ತೇ?

“ನೆನಪಿಲ್ಲ ಕಸ್ತೂರಿ.”

ಅವಳು ಕೊಳಲಿನ ನೂಲಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು. “ನನಗೂ ಗೊತ್ತಾಗವಲ್ದು. ದಮ್ಮಿದ್ದಾಗ ದಾಟಿ ನೋಡಬಹುದಿತ್ತು. ಈಗ ದಾಟಾಕ ನನಗೂ ಆಗೂದಿಲ್ಲ.”

ಹುಡುಗಿಯರು ಬಂದರು. ಚಪ್ಪಲಿ ಬಿಟ್ಟು, ನನಗೆ ನಮಸ್ಕಾರ ಮಾಡಿ, ಕಿಟಕಿಯ ಹತ್ತಿರ ಸಾಲಾಗಿ ಕುಳಿತರು. ಬಂದವರಿಗೆ ಸುರಗಿದು ಕೇಳಿಸಿರಿ ಎಂದಳು ಕಸ್ತೂರಿ. ಎಳೆಯ ಎದೆಗಳು, ತುಂಬು ಉಸಿರು, ಸ್ವರ ಎಲ್ಲಿಯೂ ನಡುಗಲಿಲ್ಲ. ಮೂರನೆಯ ಭಾಗದ ಕೊನೆಗೆ ಇಳಿಯುತ್ತ ಬಂದು, ಇನ್ನೂ ಸಾಕಷ್ಟು ಉಸಿರು ಇರುವಾಗಲೇ, ಆ ಎರಡು ಸ್ವರಗಳಿಗೆ ಮುಂಚೆ ಮೂವರೂ ಒಟ್ಟಿಗೆ ನಿಂತು ಉಸಿರು ತೆಗೆದುಕೊಂಡರು.